ಸಾಫ್ಟ್‌ಬಾಲ್ ಫೆನ್ಸ್ ಎಷ್ಟು ದೂರ ಹಾಕಬೇಕು, ಅದಕ್ಕೆ ತಕ್ಕಂತೆ ಹೇಗೆ ಆಡಬೇಕು

ನಮ್ಮ ಕಾಸರಗೋಡಿನ ಶಾಲಾ ಮೈದಾನಗಳಲ್ಲಿ ಸಾಫ್ಟ್‌ಬಾಲ್ ಆಡಿಸುವಾಗ ಬೇಸುಗಳ ಅಳತೆಯನ್ನು ಎಲ್ಲರೂ ಸರಿಯಾಗಿಯೇ ಮಾಡುತ್ತಾರೆ. ಬೇಸಿನಿಂದ ಬೇಸಿಗೆ 60 ಅಡಿ. ಹುಡುಗಿಯರ ಆಟವಾದರೆ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನಿಂದ, ಚೆಂಡು ಎಸೆಯುವ ಪಿಚರ್ ಪ್ಲೇಟಿಗೆ 43 ಅಡಿ. ಅಷ್ಟಾದ ಮೇಲೆ ಬೇಸುಗಳ ಆಚೆಗಿನ ಔಟ್‌ಫೀಲ್ಡಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಒಂದು ಬದಿಗೆ ಕಂಪೌಂಡ್ ಗೋಡೆ, ಇನ್ನೊಂದು ಬದಿಗೆ ಗುಡ್ಡ ಕಡಿದ ಬರೆ, ನಡುವೆ ಯಾರದೋ ಅಡಿಕೆ ತೋಟ. ಚೆಂಡು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಮೈದಾನ ಮುಗಿಯಿತು ಅಂತ ಆಟ ಶುರುವಾಗುತ್ತದೆ.

ಆದರೆ ಔಟ್‌ಫೀಲ್ಡರ್ ಎಲ್ಲಿ ನಿಲ್ಲಬೇಕು, ಪಿಚರ್ ಯಾವ ಎಸೆತ ಹಾಕಬೇಕು, ರನ್ನರ್ ಮೂರನೇ ಬೇಸ್ ದಾಟಿ ಓಡಬೇಕೋ ಬೇಡವೋ ಅನ್ನುವುದೆಲ್ಲ ಔಟ್‌ಫೀಲ್ಡಿನ ಕೊನೆಯ ಬೇಲಿ, ಅಂದರೆ ಫೆನ್ಸ್, ಎಷ್ಟು ದೂರ ಇದೆ ಅನ್ನುವುದರ ಮೇಲೆ ನಿಂತಿದೆ. ಆದ್ದರಿಂದ ಟೀಮು ಕಟ್ಟುವ ಪಿ.ಟಿ. ಮಾಸ್ಟ್ರಿಗೆ, ಟೀಚರಿಗೆ, ಊರಿನ ಕ್ಲಬ್ಬಿನವರಿಗೆ ನಾನು ಹೇಳುವುದು ಇಷ್ಟೇ: ಫೆನ್ಸನ್ನು ಮೊದಲು ಅಳೆಯಿರಿ, ಆಮೇಲೆ ಆಟ ಕಲಿಸಿ.

ಇರುವ ಜಾಗವನ್ನು ಅಳೆಯಿರಿ

ಅಳತೆ ಶುರುವಾಗಬೇಕಾದ್ದು ಹೋಮ್ ಪ್ಲೇಟಿನ ಹಿಂದಿನ ಚೂಪು ಮೂಲೆಯಿಂದ. ಪ್ಲೇಟಿನ ಮುಂದಿನ ಅಂಚಿನಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ಆ ಮೂಲೆಗೆ ಒಂದು ಗೂಟ ಹೊಡೆದು ಟೇಪು ಸಿಕ್ಕಿಸಿ. ನೈಲಾನ್ ಹಗ್ಗದಲ್ಲಿ ಅಳೆಯಬೇಡಿ, ಎಳೆದಷ್ಟೂ ಹಿಗ್ಗುತ್ತದೆ. ಶಾಲೆಯಲ್ಲಿ ಇರುವುದು 30 ಮೀಟರ್ ಟೇಪು ಒಂದೇ ಆದರೆ, ಒಂದು ಗೆರೆಯಲ್ಲಿ ಗುರುತು ಹಾಕುತ್ತಾ ಮುಂದೆ ಹೋಗಿ.

ಐದು ಕಡೆ ಅಳೆಯಿರಿ: ಎಡ ಫೌಲ್ ಲೈನ್ (ಹೋಮ್‌ನಿಂದ ಮೂರನೇ ಬೇಸಿನ ಮೂಲಕ ಹೋಗುವ ಗೆರೆ), ಬಲ ಫೌಲ್ ಲೈನ್ (ಮೊದಲ ಬೇಸಿನ ಮೂಲಕ ಹೋಗುವುದು), ನೇರ ಸೆಂಟರ್, ಮತ್ತೆ ಎಡ ಸೆಂಟರ್, ಬಲ ಸೆಂಟರ್. ಅಳೆಯುವ ಮೊದಲು ಮೈದಾನದ ಕೋನ ಸರಿ ಇದೆಯಾ ಅಂತ ನೋಡಿಕೊಳ್ಳಬೇಕು. ಹೋಮ್‌ನಿಂದ ಎರಡನೇ ಬೇಸಿಗೆ 84 ಅಡಿ 10¼ ಇಂಚು ಬಂದರೆ ಕೋನ ಸರಿ ಇದೆ ಎಂದರ್ಥ. ಅದು ಬರದಿದ್ದರೆ ಫೌಲ್ ಲೈನೇ ಓರೆಯಾಗಿರುತ್ತದೆ, ಮುಂದಿನ ಎಲ್ಲ ಅಳತೆಯೂ ಸುಮ್ನೆ ಆಗುತ್ತದೆ. ಹೋಮ್ ಪ್ಲೇಟಿನ ಹಿಂದೆ ಚೆಂಡು ತಡೆಯುವ ಬ್ಯಾಕ್‌ಸ್ಟಾಪಿಗೆ 25ರಿಂದ 30 ಅಡಿ ಬಿಡಬೇಕು ಅನ್ನುವುದನ್ನೂ ಮರೆಯಬೇಡಿ. ಔಟ್‌ಫೀಲ್ಡಿಗೆ ಜಾಗ ಸಾಲದೆ ಹೋಮ್ ಪ್ಲೇಟನ್ನು ಹಿಂದಕ್ಕೆ ಒತ್ತುವವರು ಮೊದಲು ಕೆಡಿಸುವುದು ಇದನ್ನೇ.

ಐದೂ ಅಳತೆಯನ್ನು ಬರೆದಿಡಿ. ನಮ್ಮ ಕಡೆಯ ಆಯತಾಕಾರದ ಫುಟ್‌ಬಾಲ್ ಮೈದಾನದ ಮೂಲೆಯಲ್ಲಿ ಸಾಫ್ಟ್‌ಬಾಲ್ ಕೂರಿಸಿದರೆ ಸಾಮಾನ್ಯವಾಗಿ ಒಂದು ಬದಿ ಧಾರಾಳ, ಇನ್ನೊಂದು ಬದಿ ಇಕ್ಕಟ್ಟು. ಎಡಕ್ಕೆ 240 ಅಡಿ, ಬಲಕ್ಕೆ 160 ಅಡಿ ಅಂತ ಬಂದರೆ ಗಾಬರಿ ಬೇಡ. ಅದಕ್ಕೂ ದಾರಿ ಇದೆ, ಮುಂದೆ ಹೇಳುತ್ತೇನೆ.

20 ಅಡಿ ಹೆಚ್ಚು ಕಡಿಮೆ ಆದರೆ ಏನಾಗುತ್ತದೆ?

ದೊಡ್ಡ ಪಂದ್ಯಗಳಲ್ಲಿ ಫಾಸ್ಟ್‌ಪಿಚ್ (ಕೈ ಕೆಳಗಿನಿಂದ ವೇಗವಾಗಿ ಎಸೆಯುವ ಸಾಫ್ಟ್‌ಬಾಲ್) ಆಟದಲ್ಲಿ ಮಹಿಳೆಯರಿಗೆ 200ರಿಂದ 220 ಅಡಿ, ಪುರುಷರಿಗೆ 225ರಿಂದ 250 ಅಡಿ ಫೆನ್ಸ್ ಕಾಣುತ್ತೇವೆ. ಅಮೆರಿಕದ ಓಕ್ಲಹೋಮ ಸಿಟಿಯ ಡೆವನ್ ಪಾರ್ಕ್‌ನಲ್ಲಿ ಫೌಲ್ ಲೈನಿಗೆ 200 ಅಡಿ, ಸೆಂಟರಿಗೆ 220 ಅಡಿ. 2028ರ ಒಲಿಂಪಿಕ್ಸ್ ಸಾಫ್ಟ್‌ಬಾಲ್ ನಡೆಯುವುದು ಅಲ್ಲೇ. ಓಕ್ಲಹೋಮ ವಿಶ್ವವಿದ್ಯಾಲಯದ ಜೋಸ್ಲಿನ್ ಆಲೊ 2018ರಿಂದ 2022ರ ತನಕ 122 ಹೋಮ್ ರನ್ (ಗಾಳಿಯಲ್ಲೇ ಫೆನ್ಸ್ ದಾಟಿ ನಾಲ್ಕೂ ಬೇಸ್ ಸಿಗುವ ಹೊಡೆತ) ಹೊಡೆದದ್ದು ಇಂಥ ಅಳತೆಯ ಮೈದಾನಗಳಲ್ಲೇ.

200ಕ್ಕೂ 220ಕ್ಕೂ ಇರುವುದು ಬರೀ 20 ಅಡಿ ಅಲ್ವಾ ಅನಿಸಬಹುದು. ಲೆಕ್ಕ ಹಾಕಿ ನೋಡಿ. ಫೆನ್ಸ್ 200 ಅಡಿಗಿದ್ದರೆ ಫೌಲ್ ಲೈನುಗಳ ಮಧ್ಯದ ಜಾಗ ಸುಮಾರು 31,400 ಚದರ ಅಡಿ. ನಮ್ಮ ಲೆಕ್ಕದಲ್ಲಿ 72 ಸೆಂಟ್ಸ್. 220 ಅಡಿಗೆ ಹಾಕಿದರೆ 38,000 ಚದರ ಅಡಿ, 87 ಸೆಂಟ್ಸ್. ಅಂದರೆ 15 ಸೆಂಟ್ಸ್ ಜಾಗ ಹೆಚ್ಚಾಯಿತು. ಅದನ್ನು ಕಾಯುವವರು ಅದೇ ಮೂರು ಜನ ಔಟ್‌ಫೀಲ್ಡರ್‌ಗಳು. ಊರಲ್ಲಿ 15 ಸೆಂಟ್ಸಿನಲ್ಲಿ ಮನೆ, ಅಂಗಳ, ಬಾವಿ ಎಲ್ಲ ಬರುತ್ತದೆ.

ಸಮಯದ ಲೆಕ್ಕವೂ ಹೀಗೇ. 20 ಅಡಿ ಅಂದರೆ 6 ಮೀಟರ್. ಚುರುಕಾಗಿ ಓಡುವ ಹುಡುಗಿಗೆ ಅದು ಸುಮಾರು ಒಂದು ಸೆಕೆಂಡಿನ ಓಟ. ಒಂದು ಬೇಸಿನಿಂದ ಇನ್ನೊಂದಕ್ಕೆ ರನ್ನರ್ ಹೋಗಲು ಮೂರು ಸೆಕೆಂಡು ಬೇಕು ಅಂತಿಟ್ಟುಕೊಳ್ಳಿ. ಫೆನ್ಸಿನ ಹತ್ತಿರಕ್ಕೆ ಹೋದ ಚೆಂಡನ್ನು ಹಿಡಿಯಲು ಒಂದು ಸೆಕೆಂಡು ತಡವಾದರೆ ರನ್ನರಿಗೆ ಮೂರರಲ್ಲಿ ಒಂದು ಪಾಲು ದಾರಿ ಬಿಟ್ಟುಕೊಟ್ಟ ಹಾಗೆ. ಬೇಸುಗಳು ಇಷ್ಟು ಹತ್ತಿರ ಇರುವ ಆಟದಲ್ಲಿ ಅದು ಬಹಳ ದೊಡ್ಡದು.

ಬೇಸ್‌ಬಾಲಿನಲ್ಲಿ ಸೆಂಟರ್ ಫೆನ್ಸ್ 400 ಅಡಿ ಇರುತ್ತದಲ್ಲ, ಇಲ್ಲಿ ಯಾಕೆ ಇಷ್ಟು ಹತ್ತಿರ ಅಂತ ಮಕ್ಕಳು ಕೇಳುತ್ತಾರೆ. ಸಾಫ್ಟ್‌ಬಾಲಿನ ಸುತ್ತಳತೆ 12 ಇಂಚು, ತೂಕ 178ರಿಂದ 198 ಗ್ರಾಂ. ಬೇಸ್‌ಬಾಲಿಗಿಂತ ತೂಕ ಜಾಸ್ತಿ ನಿಜ, ಆದರೆ ಗಾತ್ರ ಅದಕ್ಕಿಂತಲೂ ಜಾಸ್ತಿ. ಹಾಗಾಗಿ ಗಾಳಿ ಅದನ್ನು ಬೇಗ ತಡೆಯುತ್ತದೆ. ಒಂದೇ ವೇಗದಲ್ಲಿ ಹೊಡೆದರೂ ಸಾಫ್ಟ್‌ಬಾಲ್ ಮೊದಲೇ ಕೆಳಗಿಳಿಯುತ್ತದೆ.

ನಿಮ್ಮ ಮೈದಾನಕ್ಕೆ ಎಷ್ಟು?

ಹೈಸ್ಕೂಲ್ ಹುಡುಗಿಯರಿಗೆ 200 ಅಡಿ ಸಾಕು. ಇದು ನನ್ನ ಗಟ್ಟಿ ಅಭಿಪ್ರಾಯ. ಮಕ್ಕಳಿಗೆ ಹೋಮ್ ರನ್ ಸಿಗಲಿ, ಖುಷಿಯಾಗಲಿ ಅಂತ 150, 160 ಅಡಿಗೆ ನೆಟ್ ಕಟ್ಟುವವರಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಅಷ್ಟು ಹತ್ತಿರ ಕಟ್ಟಿದರೆ ಔಟ್‌ಫೀಲ್ಡರ್‌ಗಳಿಗೆ ಹಿಂದಕ್ಕೆ ಓಡಿ ಕ್ಯಾಚ್ ಹಿಡಿಯುವ ಕೆಲಸವೇ ಬರುವುದಿಲ್ಲ. ಬ್ಯಾಟರ್‌ಗಳೆಲ್ಲ ಚೆಂಡಿನ ಬುಡಕ್ಕೆ ಬ್ಯಾಟ್ ಹಾಕಿ ಮೇಲಕ್ಕೆತ್ತಲು ಶುರುಮಾಡುತ್ತಾರೆ. ಮುಂದೆ ದೊಡ್ಡ ಮೈದಾನಕ್ಕೆ ಹೋದಾಗ ಅದೇ ಹೊಡೆತಗಳು ಸುಲಭದ ಕ್ಯಾಚ್ ಆಗುತ್ತವೆ.

ಫೆನ್ಸೇ ಇಲ್ಲದ ಮೈದಾನದ್ದು ಬೇರೆ ತೊಂದರೆ. ಇಬ್ಬರ ನಡುವೆ ನುಗ್ಗಿದ ಚೆಂಡು ಉರುಳುತ್ತಲೇ ಹೋಗುತ್ತದೆ, ಬ್ಯಾಟರ್ ನಾಲ್ಕೂ ಬೇಸು ಸುತ್ತಿ ಬರುತ್ತಾಳೆ. ನೋಡಲು ಚೆನ್ನ, ಆದರೆ ಒಳ್ಳೆಯ ಹೊಡೆತ ಯಾವುದು, ಮೈದಾನದ ದಯೆ ಯಾವುದು ಅಂತ ಗೊತ್ತಾಗುವುದೇ ಇಲ್ಲ. ಸೋಲಾಪುರ ಜಿಲ್ಲೆಯ ಅಕ್ಕಲಕೋಟೆ, ಸಾಂಗಲಿಯ ಜತ್ತ ಕಡೆಯ ಬಟಾಬಯಲಿನಲ್ಲಿ ಆಡಿಸುವವರು 200 ಅಡಿಗೆ ಸುಣ್ಣದ ಪುಡಿಯಲ್ಲಿ ಒಂದು ಗೆರೆ ಎಳೆದು, ಗಾಳಿಯಲ್ಲಿ ದಾಟಿದರೆ ನಾಲ್ಕು ಬೇಸ್, ಉರುಳಿ ದಾಟಿದರೆ ಎರಡು ಬೇಸ್ ಅಂತ ಮಾಡಿಕೊಂಡರೆ ಆಟಕ್ಕೆ ಒಂದು ಅಂಕೆ ಬರುತ್ತದೆ.

ಇನ್ನು ಒಂದು ಬದಿ 160 ಅಡಿಗೇ ಗೋಡೆ ಬರುವ ಮೈದಾನದ ಮಾತು. ನಿಗದಿ ದೂರಕ್ಕಿಂತ ಹತ್ತಿರ ಇರುವ ಫೆನ್ಸನ್ನು ಚೆಂಡು ಗಾಳಿಯಲ್ಲಿ ದಾಟಿದರೆ ಬ್ಯಾಟರಿಗೆ ಎರಡೇ ಬೇಸ್ ಅನ್ನುವುದು ಸಾಫ್ಟ್‌ಬಾಲ್ ನಿಯಮದಲ್ಲೇ ಇರುವ ಪದ್ಧತಿ. ಅದನ್ನೇ ಬಳಸಿ. ಆ ಭಾಗ ಎಲ್ಲಿಂದ ಎಲ್ಲಿವರೆಗೆ ಅಂತ ಗೋಡೆಯ ಮೇಲೆ ಎರಡು ದಪ್ಪ ಗುರುತು ಹಾಕಿ, ದೂರದಿಂದ ಅಂಪೈರಿಗೆ ಕಾಣುವಷ್ಟು.

ನೆಟ್ ಕಟ್ಟುವ ಕ್ರಮ

ಟೋಕಿಯೊ ಒಲಿಂಪಿಕ್ಸಿನಲ್ಲೂ ಯೊಕೊಹಾಮಾದ ಬೇಸ್‌ಬಾಲ್ ಸ್ಟೇಡಿಯಂ ಒಳಗೆ ತಾತ್ಕಾಲಿಕ ಫೆನ್ಸ್ ನಿಲ್ಲಿಸಿಯೇ ಸಾಫ್ಟ್‌ಬಾಲ್ ಆಡಿಸಿದ್ದು. ನಾವೂ ಹಾಗೇ ಮಾಡಬಹುದು.

ಹೋಮ್ ಮೂಲೆಯ ಗೂಟದಿಂದ 200 ಅಡಿ, ಅಂದರೆ 60.96 ಮೀಟರ್ ಟೇಪು ಎಳೆದು, ಒಬ್ಬರು ಅದನ್ನು ಬಿಗಿಯಾಗಿ ಹಿಡಿದುಕೊಂಡು ಎಡ ಲೈನಿನಿಂದ ಬಲ ಲೈನಿಗೆ ನಡೆಯಬೇಕು. ಹಿಂದಿನಿಂದ ಇನ್ನೊಬ್ಬರು ಸುಣ್ಣ ಹಾಕುತ್ತಾ ಬರಲಿ. ಈ ಬಿಲ್ಲಿನಾಕಾರದ ಗೆರೆಯ ಉದ್ದ ಸುಮಾರು 96 ಮೀಟರ್. ಮೂರು ಮೀಟರಿಗೊಂದರಂತೆ 33 ಕಂಬ ಬೇಕಾಗುತ್ತದೆ. ಅಡಿಕೆ ಮರದ ಸೀಳು ಅಥವಾ ಪಿವಿಸಿ ಪೈಪು ಸಾಕು. ಎತ್ತರ 4 ಅಡಿ. ತೋಟಕ್ಕೆ, ನರ್ಸರಿಗೆ ಹಾಕುವ ಹಸಿರು ನೆಟ್ ಎಲ್ಲ ಕಡೆ ಸಿಗುತ್ತದೆ, ದೂರಕ್ಕೂ ಚೆನ್ನಾಗಿ ಕಾಣುತ್ತದೆ.

ಪಾರೆಯ ಮೇಲಿನ ಮೈದಾನದಲ್ಲಿ ಕಂಬ ಹುಗಿಯಲು ಆಗುವುದಿಲ್ಲ. ಹಳೆ ಪೈಂಟ್ ಡಬ್ಬಿಗೆ ಕಾಂಕ್ರೀಟ್ ತುಂಬಿ ಕಂಬ ನಿಲ್ಲಿಸಿಕೊಳ್ಳಿ. ಡಬ್ಬಿ, ಕಂಬ ಎಲ್ಲ ನೆಟ್ಟಿನ ಹೊರಬದಿಗೇ ಇರಬೇಕು. ಒಳಬದಿಗೆ ಒಂದು ತಂತಿಯ ತುದಿ ಕೂಡ ಚಾಚಿರಬಾರದು. ಚೆಂಡು ನೋಡುತ್ತಾ ಹಿಂದಕ್ಕೆ ಓಡುವ ಮಗುವಿಗೆ ಹಿಂದೆ ಏನಿದೆ ಅಂತ ಕಾಣುವುದಿಲ್ಲ. ಮೈ ತಾಗಿದರೆ ಬಗ್ಗುವಷ್ಟು ಸಡಿಲವಾಗಿ ನೆಟ್ ಕಟ್ಟಿ. ಕೆಳಗಿನ ಅಂಚನ್ನು ಮಾತ್ರ ನೆಲಕ್ಕೆ ಬಿಗಿಯಾಗಿ ಕೂರಿಸಬೇಕು, ಇಲ್ಲದಿದ್ದರೆ ಚೆಂಡು ಅಡಿಯಿಂದ ನುಸುಳಿ ಪ್ರತಿ ಸಲವೂ ಜಗಳ.

ಫೆನ್ಸಿಗೆ ತಾಗಿ ಒಳಗೆ 12ರಿಂದ 15 ಅಡಿ ಅಗಲಕ್ಕೆ ಎಚ್ಚರಿಕೆಯ ಪಟ್ಟಿ ಇರುತ್ತದೆ. ಬೇರೆ ಕಡೆ ಹುಲ್ಲು ತೆಗೆದು ಕೆಂಪು ಮಣ್ಣು ಹಾಕುತ್ತಾರೆ. ನಮ್ಮಲ್ಲಿ ಇಡೀ ಮೈದಾನವೇ ಕೆಂಪು, ಹಾಗಾಗಿ ಅದು ಉಪಯೋಗವಿಲ್ಲ. ತೆಳ್ಳಗೆ ಹೊಯ್ಗೆ ಹಾಸಿ. ಗಟ್ಟಿ ನೆಲದಿಂದ ಹೊಯ್ಗೆಗೆ ಕಾಲಿಟ್ಟ ಕೂಡಲೇ ಬೂಟಿನ ಅಡಿಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಕಣ್ಣು ಚೆಂಡಿನ ಮೇಲಿದ್ದರೂ ಕಾಲಿಗೆ ತಿಳಿಯುತ್ತದೆ, ಇನ್ನು ಮೂರು ನಾಲ್ಕು ಹೆಜ್ಜೆಗೆ ಫೆನ್ಸ್ ಅಂತ.

ಗಾಳಿ ಮತ್ತು ನೆಲ

ಬ್ಯಾಟರಿಗೆ ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯಬಾರದು ಅಂತ ಹೋಮ್ ಪ್ಲೇಟನ್ನು ಪಶ್ಚಿಮಕ್ಕೆ ಇಟ್ಟು ಸೆಂಟರ್ ಫೀಲ್ಡನ್ನು ಪೂರ್ವ, ಈಶಾನ್ಯದ ಕಡೆ ಮಾಡುವುದು ವಾಡಿಕೆ. ಮಂಜೇಶ್ವರ, ಉಪ್ಪಳ, ಕುಂಬಳೆಯಂಥ ಕಡಲ ಬದಿಯ ಊರಿನಲ್ಲಿ ಮಧ್ಯಾಹ್ನದ ಮೇಲೆ ಕಡಲಗಾಳಿ ಪಶ್ಚಿಮದಿಂದ ಬೀಸುತ್ತದೆ. ಎರಡನ್ನೂ ಸೇರಿಸಿ ನೋಡಿ. ಗಾಳಿ ಹೋಮ್ ಪ್ಲೇಟಿನ ಹಿಂದಿನಿಂದ ಬಂದು ಚೆಂಡನ್ನು ಫೆನ್ಸಿನ ಕಡೆಗೆ ತಳ್ಳುತ್ತದೆ. ಬೆಳಿಗ್ಗೆ ಫೆನ್ಸಿನ ಬುಡದಲ್ಲಿ ಕ್ಯಾಚ್ ಆದ ಹೊಡೆತ ಮಧ್ಯಾಹ್ನ ಮೂರು ಗಂಟೆಗೆ ಆಚೆ ಬೀಳಬಹುದು. ಟೇಪಿನಲ್ಲಿ 200 ಅಡಿಯೇ ಇದ್ದರೂ ಆಟಕ್ಕೆ ಅದು ಅಷ್ಟಿಲ್ಲ ಅಂತಲೇ ತಿಳಿಯಬೇಕು. ಹಾಗಾಗಿ ಕಡಲ ಬದಿಯಲ್ಲಿ ಜಾಗ ಇದ್ದರೆ ಸೆಂಟರನ್ನು 220ಕ್ಕೆ ಒಯ್ಯುವುದು ಒಳ್ಳೆಯದು. ಮುಳ್ಳೇರಿಯ, ಪೆರ್ಲದಂಥ ಒಳನಾಡಿನಲ್ಲಿ ಗುಡ್ಡಗಳ ಮರೆ ಇರುವುದರಿಂದ ಒಂದೊಂದು ಮೈದಾನದ ಗಾಳಿ ಒಂದೊಂದು ಥರ. ಸೆಂಟರ್ ಫೆನ್ಸಿನ ಕಂಬಕ್ಕೆ ಒಂದು ಬಟ್ಟೆಯ ತುಂಡು ಕಟ್ಟಿದರೆ ಎಲ್ಲರಿಗೂ ತಿಳಿಯುತ್ತದೆ.

ತಮಿಳುನಾಡಿನ ಹೊಸೂರಿನ ಕನ್ನಡ ಶಾಲೆಗಳವರು ಇನ್ನೊಂದು ಲೆಕ್ಕ ಹಾಕಿಕೊಳ್ಳಬೇಕು. ಅದು ಸುಮಾರು 900 ಮೀಟರ್ ಎತ್ತರದ ಊರು. ನೂರು ಮೀಟರ್ ಮೇಲೇರಿದರೆ ಗಾಳಿ ಸುಮಾರು ನೂರಕ್ಕೆ ಒಂದರಷ್ಟು ತೆಳುವಾಗುತ್ತದೆ. ಚೆಂಡಿಗೆ ತಡೆ ಕಡಿಮೆ, ಒಂದಿಷ್ಟು ಮುಂದೆ ಹೋಗುತ್ತದೆ.

ನೆಲದ ಪ್ರಭಾವ ಇದಕ್ಕಿಂತ ಜಾಸ್ತಿ. ನಮ್ಮ ಕೆಂಪುಕಲ್ಲಿನ ನೆಲ ಮಳೆ ನಿಂತ ಮೇಲೆ ಸಿಮೆಂಟಿನ ಹಾಗಾಗುತ್ತದೆ. ಔಟ್‌ಫೀಲ್ಡರ್ ಮುಂದೆ ಬಿದ್ದ ಚೆಂಡು ತಲೆ ಮೇಲೆ ಪುಟಿಯುತ್ತದೆ, 4 ಅಡಿಯ ನೆಟ್ಟನ್ನು ಆರಾಮವಾಗಿ ಹಾರಿಬಿಡುತ್ತದೆ. ಒಮ್ಮೆ ನೆಲಕ್ಕೆ ತಾಗಿ ಆಚೆ ಹೋದರೆ ಎರಡು ಬೇಸ್ ಮಾತ್ರ. ಸೋಲಾಪುರ ಕಡೆಯ ಎರೆಮಣ್ಣಿನಲ್ಲಿ ಚೆಂಡು ಇಷ್ಟು ಪುಟಿಯುವುದಿಲ್ಲ, ಒಣಗಿ ಬಿರುಕು ಬಿಟ್ಟಿದ್ದರೆ ಎತ್ತೆತ್ತಲೋ ತಿರುಗುತ್ತದೆ.

ಔಟ್‌ಫೀಲ್ಡರ್ ಎಲ್ಲಿ ನಿಲ್ಲಬೇಕು?

ತರಬೇತಿಯ ಸಮಯ ಹೆಚ್ಚು ಕೊಡಬೇಕಾದ್ದು ಇದಕ್ಕೆ.

ಫೆನ್ಸ್ 200 ಅಡಿಗಿದ್ದರೆ ಔಟ್‌ಫೀಲ್ಡರ್ ಕಾಯಬೇಕಾದ ಜಾಗ ಅಲ್ಲಿಗೆ ಮುಗಿಯಿತು. ಅದರಾಚೆ ಬಿದ್ದದ್ದು ಹೇಗೂ ಹೋಮ್ ರನ್, ಅದರ ಬಗ್ಗೆ ಚಿಂತೆ ಇಲ್ಲ. ಹಾಗಾಗಿ ಧೈರ್ಯವಾಗಿ ಮುಂದೆ ಬಂದು ನಿಲ್ಲಬಹುದು. ಇನ್‌ಫೀಲ್ಡರ್‌ಗಳ ತಲೆಯ ಮೇಲಿಂದ ಸಣ್ಣಗೆ ಬೀಳುವ ಚೆಂಡುಗಳು ಆಗ ಕೈಗೆ ಸಿಗುತ್ತವೆ. ಬಲ ಬದಿಯ ಫೀಲ್ಡರ್ ಹತ್ತಿರ ನಿಂತಿದ್ದರೆ, ಹಿಟ್ ಆಯಿತು ಅಂತ ನಿಧಾನವಾಗಿ ಓಡುವ ಬ್ಯಾಟರನ್ನು ಮೊದಲ ಬೇಸಿಗೇ ಎಸೆದು ಔಟ್ ಮಾಡಬಹುದು. ಫಾಸ್ಟ್‌ಪಿಚ್‌ನಲ್ಲಿ ಇದು ನಿಜವಾಗಿ ಆಗುವ ಔಟ್. ಅಭ್ಯಾಸ ಮಾಡಿಸಿ.

220 ಅಥವಾ ಅದಕ್ಕಿಂತ ದೂರದ ಫೆನ್ಸ್ ಆದರೆ ಹಿಂದೆ ಜಾಗ ಹೆಚ್ಚು. ತಲೆ ಮೇಲೆ ಹೋದ ಚೆಂಡು ಮೂರು ಬೇಸಿನ ಹೊಡೆತ. ಆದ್ದರಿಂದ ಹಿಂದೆ ನಿಲ್ಲಬೇಕು. ಆಗ ಮುಂದೆ ಬೀಳುವ ಸಣ್ಣ ಹೊಡೆತ ಬಿಟ್ಟುಕೊಡಬೇಕಾಗುತ್ತದೆ. ಎಡಗೈ ಬ್ಯಾಟರ್‌ಗಳು ಓಡುತ್ತಲೇ ತಟ್ಟಿ ಕಳಿಸುವ ಸ್ಲಾಪ್ ಹೊಡೆತಕ್ಕೆ ಇದು ಹಬ್ಬ. ಎಷ್ಟು ಬಿಟ್ಟುಕೊಡಬೇಕು ಅನ್ನುವುದನ್ನು ಬ್ಯಾಟರ್ ನೋಡಿ ತೀರ್ಮಾನಿಸಿ. ಒಂದೇ ಜಾಗದಲ್ಲಿ ಇಡೀ ಪಂದ್ಯ ನಿಲ್ಲುವುದು ಮಾತ್ರ ಬೇಡ.

ಅಭ್ಯಾಸಕ್ಕೆ ಹೀಗೆ ಮಾಡಿ. ಪ್ರತಿ ಫೀಲ್ಡರ್ ತಾನು ನಿಂತ ಜಾಗದಿಂದ ಫೆನ್ಸಿಗೆ ಎಷ್ಟು ಓಟದ ಹೆಜ್ಜೆ ಅಂತ ಎಣಿಸಲಿ. ಪಂದ್ಯಕ್ಕೆ ಬೇರೆ ಊರಿಗೆ ಹೋದಾಗ ಮೊದಲು ಮಾಡುವ ಕೆಲಸವೂ ಇದೇ ಆಗಬೇಕು. ಆಮೇಲೆ ನೀವು ಚೆಂಡನ್ನು ಎತ್ತರಕ್ಕೆ ಎಸೆಯಿರಿ. ಆಕೆ ಮೊದಲು ತಿರುಗಿ ಫೆನ್ಸಿಗೆ ಓಡಬೇಕು, ಗ್ಲೌಸ್ ಇಲ್ಲದ ಕೈಯಿಂದ ನೆಟ್ಟನ್ನು ಮುಟ್ಟಬೇಕು, ಆಮೇಲೆ ಚೆಂಡಿನ ಕಡೆ ಬರಬೇಕು. ಫೆನ್ಸ್ ಹುಡುಕುವುದು ಮೊದಲು, ಚೆಂಡು ಆಮೇಲೆ. ಹಿಮ್ಮುಖವಾಗಿ ಕಾಲೆಳೆಯುತ್ತಾ ಹೋದರೆ ಬೀಳುವುದು ಖಂಡಿತ.

2021ರ ಜುಲೈ 27ರಂದು ನಡೆದ ಒಲಿಂಪಿಕ್ಸ್ ಫೈನಲಿನಲ್ಲಿ ಅಮೆರಿಕದ ಎಡ ಫೀಲ್ಡರ್ ಜೇನಿ ರೀಡ್ ಫೆನ್ಸಿನ ಬಳಿ ಹಾರಿ, ಆಚೆ ಹೋಗುತ್ತಿದ್ದ ಚೆಂಡನ್ನು ಹಿಡಿದರು. ಜಪಾನ್ 2–0ಯಿಂದ ಗೆದ್ದ ಪಂದ್ಯ ಅದು. ಆ ವಿಡಿಯೊವನ್ನು ಮಕ್ಕಳಿಗೆ ತೋರಿಸಿ. ಜಿಗಿತ ನೋಡುವಾಗ ಅದರ ಹಿಂದಿನ ಓಟವನ್ನೂ ನೋಡಲು ಹೇಳಿ.

ನೆಟ್ಟಿನ ಬದಲು ಗಾರೆ ಮಾಡದ ಕೆಂಪುಕಲ್ಲಿನ ಗೋಡೆ ಇದ್ದರೆ ಇನ್ನೊಂದು ಅಭ್ಯಾಸ ಬೇಕು. ಆ ಕಲ್ಲಿನ ತುಂಬ ತೂತು, ಉಬ್ಬು. ಕಲ್ಲಿನ ನಡುವಿಗೆ ತಾಗಿದ ಚೆಂಡು ನೇರ ವಾಪಸ್ ಬರುತ್ತದೆ. ಎರಡು ಕಲ್ಲಿನ ಸಂದಿಗೆ ತಾಗಿದ್ದು ಬುಡದಲ್ಲೇ ಬೀಳುತ್ತದೆ, ಅಂಚಿಗೆ ತಾಗಿದ್ದು ಪಕ್ಕಕ್ಕೆ ಸಿಡಿಯುತ್ತದೆ. ಹಾಗಾಗಿ ಒಬ್ಬಳು ಗೋಡೆಯ ಹತ್ತಿರಕ್ಕೆ ಓಡಿದರೆ, ಪಕ್ಕದ ಫೀಲ್ಡರ್ ಹತ್ತು ಹದಿನೈದು ಅಡಿ ಈಚೆಗೆ ನಿಂತು ಸಿಡಿದು ಬರುವ ಚೆಂಡಿಗೆ ಕಾಯಬೇಕು. ಇಬ್ಬರೂ ಗೋಡೆಗೇ ಓಡಿದರೆ ಚೆಂಡು ಇಬ್ಬರನ್ನೂ ದಾಟಿ ಮೈದಾನಕ್ಕೆ ಬರುತ್ತದೆ. ಗೋಡೆ ತಾಗಿ ಬಂದ ಚೆಂಡನ್ನು ನೆಲ ಮುಟ್ಟುವ ಮೊದಲು ಹಿಡಿದರೂ ಔಟ್ ಅಲ್ಲ ಅಂತ ಒತ್ತಿ ಹೇಳಿ. ಓಣಿ ಕ್ರಿಕೆಟ್ ಆಡಿ ಬಂದ ಮಕ್ಕಳು ಅದನ್ನು ಹಿಡಿದು ಔಟ್ ಅಂತ ಕುಣಿಯುತ್ತಾರೆ, ಅಷ್ಟರಲ್ಲಿ ರನ್ನರ್ ಎರಡನೇ ಬೇಸಿನಲ್ಲಿರುತ್ತಾಳೆ.

ಕೂಗಿ ಹೇಳುವುದು ಸೆಂಟರ್ ಫೀಲ್ಡರ್ ಕೆಲಸ. ನಮ್ಮ ಟೀಮುಗಳಲ್ಲಿ ಕನ್ನಡ, ತುಳು, ಮಲಯಾಳ ಎಲ್ಲ ಮಾತಾಡುವ ಮಕ್ಕಳಿರುತ್ತಾರೆ. "ಜಾಗ ಇದೆ", "ಫೆನ್ಸ್" ಅಂತ ಎರಡೇ ಕೂಗು ಎಲ್ಲರೂ ಒಪ್ಪಿಕೊಂಡರೆ ಸಾಕು.

ಫೆನ್ಸಿನ ಬುಡದಿಂದ ಹೋಮ್‌ಗೆ ಒಂದೇ ಎಸೆತದಲ್ಲಿ ಚೆಂಡು ಕಳಿಸಲು ಹೋಗಬೇಡಿ. 200 ಅಡಿಯ ಎಸೆತ ಗಾಳಿಯಲ್ಲಿ ತೇಲುತ್ತಾ ನಿಧಾನವಾಗಿ ಬರುತ್ತದೆ. ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸಿನ ನಡುವಿನ ಫೀಲ್ಡರ್) ಅಥವಾ ಎರಡನೇ ಬೇಸಿನ ಫೀಲ್ಡರ್ ನಡುವೆ ಬಂದು ನಿಂತು, 100 ಅಡಿಯ ಎರಡು ಚುರುಕು ಎಸೆತ ಮಾಡಿದರೆ ಚೆಂಡು ಬೇಗ ಬರುತ್ತದೆ, ಗುರಿಯೂ ತಪ್ಪುವುದಿಲ್ಲ.

ಪಿಚರ್, ಬ್ಯಾಟರ್, ರನ್ನರ್

ಫೆನ್ಸ್ ಹತ್ತಿರ ಇದ್ದು ಗಾಳಿ ಹೊರಗೆ ಬೀಸುತ್ತಿದ್ದರೆ ರೈಸ್ ಬಾಲ್ (ಮೇಲಕ್ಕೇಳುವಂತೆ ಬರುವ ಎಸೆತ) ಅಪಾಯ. ಅದಕ್ಕೆ ತಾಗಿದ ಚೆಂಡು ಸಾಮಾನ್ಯವಾಗಿ ಮೇಲಕ್ಕೇ ಹೋಗುತ್ತದೆ. ಇಂಥ ದಿನ ಡ್ರಾಪ್ ಬಾಲ್ (ಕೊನೆಗೆ ಕೆಳಕ್ಕಿಳಿಯುವ ಎಸೆತ) ಹಾಕಿಸಿ, ಮೊಣಕಾಲಿನ ಮಟ್ಟಕ್ಕೆ, ಹೊರ ಅಂಚಿಗೆ. ನೆಲಕ್ಕೆ ಹೊಡೆಸಿ ಇನ್‌ಫೀಲ್ಡರ್‌ಗಳ ಕೈಗೆ ಕೊಡಿಸಬೇಕು. ಫೆನ್ಸ್ ದೂರ ಇದ್ದು ಗಾಳಿ ಎದುರಿಗಿದ್ದರೆ ರೈಸ್ ಬಾಲ್ ಧಾರಾಳವಾಗಿ ಹಾಕಬಹುದು, ಮೇಲೆ ಹೋದದ್ದು ಕ್ಯಾಚ್. ಕ್ಯಾಚರ್ ಈ ಲೆಕ್ಕ ಹಾಕುವುದನ್ನು ಕಲಿತರೆ ಮಾಸ್ಟ್ರು ಹೊರಗಿನಿಂದ ಕೂಗಬೇಕಾಗಿಲ್ಲ.

ಬ್ಯಾಟರ್ ನೋಡಬೇಕಾದ್ದು ಔಟ್‌ಫೀಲ್ಡರ್‌ಗಳ ಕಾಲನ್ನು. ಹಿಂದೆ ನಿಂತಿದ್ದಾರಾ, ಇನ್‌ಫೀಲ್ಡ್ ದಾಟಿಸಿದರೆ ಸಾಕು. ಮುಂದೆ ಬಂದಿದ್ದಾರಾ, ಇಬ್ಬರ ನಡುವೆ ಗಟ್ಟಿಯಾಗಿ ನೇರ ಹೊಡೆಯಿರಿ. ನಮ್ಮ ಗಟ್ಟಿ ನೆಲದಲ್ಲಿ ಅದು ಕ್ಷಣದಲ್ಲಿ ಫೆನ್ಸ್ ಸೇರುತ್ತದೆ.

ರನ್ನರಿಗೂ ಇದೇ ಲೆಕ್ಕ. ಔಟ್‌ಫೀಲ್ಡರ್‌ಗಳು ಹತ್ತಿರ ನಿಂತಿರುವಾಗ ಎರಡನೇ ಬೇಸಿನಿಂದ ಒಂದೇ ಹಿಟ್‌ಗೆ ಹೋಮ್‌ಗೆ ಓಡುವುದು ಕಷ್ಟ, ಮೂರನೇ ಬೇಸಿನಲ್ಲಿ ನಿಲ್ಲಿಸಿ. ಫೆನ್ಸಿನ ಬುಡದಲ್ಲಿ ಕ್ಯಾಚ್ ಆದರೆ ಮೂರನೇ ಬೇಸಿನ ರನ್ನರ್ ಬೇಸು ಮುಟ್ಟಿಕೊಂಡಿದ್ದು, ಚೆಂಡು ಗ್ಲೌಸ್ ಮುಟ್ಟಿದ ಕೂಡಲೇ ಓಡಲಿ.

ಪಂದ್ಯಕ್ಕೆ ಮುಂಚೆ ಒಪ್ಪಿಕೊಳ್ಳಬೇಕಾದ್ದು

ಟಾಸ್ ಆಗುವ ಮೊದಲು ಎರಡೂ ಕಡೆಯ ಮಾಸ್ಟ್ರು, ಅಂಪೈರ್ ಸೇರಿ ಫೆನ್ಸಿನ ಉದ್ದಕ್ಕೂ ಒಮ್ಮೆ ನಡೆದು ಬನ್ನಿ. ಗಾಳಿಯಲ್ಲಿ ಆಚೆ ಹೋದರೆ ನಾಲ್ಕು ಬೇಸ್. ಪುಟಿದು, ಅಡಿಯಿಂದ ನುಸುಳಿ, ನೆಟ್ಟಿನ ತೂತಿನಿಂದ ಹೋದರೆ ಎರಡು. ಫೀಲ್ಡರ್ ಕೈಗೆ ತಾಗಿ, ನೆಲ ಮುಟ್ಟದೆ, ಫೇರ್ ಜಾಗದಲ್ಲೇ (ಎರಡು ಫೌಲ್ ಲೈನುಗಳ ನಡುವೆ) ಆಚೆ ಬಿದ್ದರೆ ಅದೂ ಹೋಮ್ ರನ್. ಇವೆಲ್ಲ ಪುಸ್ತಕದಲ್ಲಿರುವ ನಿಯಮಗಳು. ಜೊತೆಗೆ ಮೈದಾನಕ್ಕೆ ಮಾತ್ರ ಸೇರಿದ ಪ್ರಶ್ನೆಗಳಿರುತ್ತವೆ. ತೆಂಗಿನ ಗರಿ ಒಳಗೆ ಚಾಚಿದ್ದು ಅದಕ್ಕೆ ತಾಗಿದರೆ? ಬರೆಯ ಮೇಲಿಂದ ಉರುಳಿ ಒಳಗೆ ವಾಪಸ್ ಬಂದರೆ? ಕ್ಯಾಚ್ ಹಿಡಿಯುವಾಗ ನೆಟ್ಟೇ ಮಗುಚಿ ಬಿದ್ದರೆ? ಒಂದೊಂದಕ್ಕೂ ಉತ್ತರ ಮೊದಲೇ ತೀರ್ಮಾನಿಸಿ, ಒಂದು ಹಾಳೆಯಲ್ಲಿ ಬರೆದು, ಸ್ಕೋರ್ ಬರೆಯುವವರ ಮೇಜಿನ ಮೇಲಿಡಿ. ಐದು ಕಡೆಯ ಅಳತೆಯನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಹೊರಗಿನಿಂದ ಬಂದ ಟೀಮಿಗೆ ಅದನ್ನು ನೀವಾಗಿಯೇ ತೋರಿಸಿ, ಅವರು ಕೇಳುವ ತನಕ ಕಾಯಬೇಡಿ.

ಆಟ ಮುಗಿದ ಮೇಲೆ ನೆಟ್ಟನ್ನು ಬಿಸಿಲಲ್ಲೇ ಬಿಡದೆ ಸುತ್ತಿ ಒಳಗಿಡಿ. ಕಂಬದ ಜಾಗಗಳಿಗೆ ಗುರುತಿಗೆ ಒಂದೊಂದು ಮೊಳೆ ಹೊಡೆದು ನೆಲದ ಮಟ್ಟಕ್ಕೆ ಇಳಿಸಿದರೆ, ಮುಂದಿನ ಸಲ ಟೇಪು ಹಿಡಿಯದೆಯೇ ಅರ್ಧ ಗಂಟೆಯಲ್ಲಿ ಫೆನ್ಸ್ ನಿಲ್ಲುತ್ತದೆ.